ಇಪ್ಪತ್ತೊಂದು ಅಂಕಿಗಳ ಒಗಟು

ಚದುರಂಗದ ಮಣೆಯ ಮೊದಲ ಮನೆಯಲ್ಲಿ ಒಂದು ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ಹೀಗೆ ಇಮ್ಮಡಿಗೊಳಿಸುತ್ತ ಹೋಗಲು ರಾಜನ ಕಣಜವೇ ಸಾಲದಾಯಿತೆಂಬ ಕಥೆಯನ್ನು ನೀವು ಕೇಳಿರಬಹುದು. ಆ ಮಣೆಗೆ ಇರುವುದು 64 ಮನೆಗಳು. ಒಂದು ವೇಳೆ 67 ಮನೆಗಳಿದ್ದಿದ್ದರೆ ಕಾಳುಗಳ ಒಟ್ಟು ಮೊತ್ತವು 14,75,73,95,25,89,67,64,12,927 ಆಗುತ್ತಿತ್ತು. 67 ಎರಡುಗಳನ್ನು ಒಂದರೊಡನೊಂದು ಗುಣಿಸಿ, ಬಂದ ಗುಣಲಬ್ಧದಿಂದ 1ನ್ನು ಕಳೆದರೆ ದೊರೆಯುವುದೂ ಇದೇ ಸಂಖ್ಯೆ. ನೋಟಕ್ಕೆ ಇದು ಅಂಕಿಗಳ ಒಂದು ಸಾಲು ಮಾತ್ರ. ಆದರೆ ಇದರ ಗುಟ್ಟು ರಟ್ಟಾಗಲು ಎರಡೂವರೆ ಶತಮಾನಗಳೇ ಬೇಕಾದವು.

ಒಂದರಿಂದಲೂ ತನ್ನಿಂದಲೂ ಅಲ್ಲದೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ, ಒಂದಕ್ಕಿಂತ ದೊಡ್ಡದಾದ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ. ಎರಡು, ಮೂರು, ಐದು, ಏಳು ಎರಡುಗಳನ್ನು ಗುಣಿಸಿ 1ನ್ನು ಕಳೆದರೆ ಕ್ರಮವಾಗಿ 3, 7, 31, 127 ಬರುತ್ತವೆ. ಇವೆಲ್ಲವೂ ಅವಿಭಾಜ್ಯಗಳೇ. ಹಾಗಾದರೆ ಇದೇ ನಿಯಮವೆನ್ನೋಣವೇ? ಹನ್ನೊಂದು ಎರಡುಗಳಿಂದ ಬರುವ 2047 ಈ ಆಸೆಗೆ ಅಡ್ಡ ನಿಲ್ಲುತ್ತದೆ. ಅದು 23 ಮತ್ತು 89ರ ಗುಣಲಬ್ಧ.

1644ರಲ್ಲಿ ಫ್ರಾನ್ಸಿನ ಮರ್ಸೆನ್ ಎಂಬ ಸಂನ್ಯಾಸಿಯು ಎಷ್ಟು ಎರಡುಗಳನ್ನು ತೆಗೆದುಕೊಂಡರೆ ಅವಿಭಾಜ್ಯವು ದೊರೆಯುತ್ತದೆಂಬುದರ ಪಟ್ಟಿಯೊಂದನ್ನು ಪ್ರಕಟಿಸಿದನು. ಅದರಲ್ಲಿ 67 ಕೂಡ ಇತ್ತು. ಸಾಧನೆ ಮಾತ್ರ ಇರಲಿಲ್ಲ. 1876ರಲ್ಲಿ ಅದೇ ದೇಶದ ಲ್ಯೂಕಾ ಎಂಬ ಗಣಿತಜ್ಞನು, ನಮ್ಮ ಸಂಖ್ಯೆಯು ಅವಿಭಾಜ್ಯವಲ್ಲವೆಂದು ತೋರಿಸಿಕೊಟ್ಟನು. ವಿಚಿತ್ರವೆಂದರೆ, ಅದರ ಒಂದು ಅಪವರ್ತನವೂ ಅವನ ಕೈಗೆ ಸಿಕ್ಕಿರಲಿಲ್ಲ! ಕಳ್ಳನಿರುವನೆಂಬುದು ಖಚಿತವಾಗಿತ್ತು, ಕಳ್ಳ ಯಾರೆಂಬುದು ತಿಳಿದಿರಲಿಲ್ಲ. ಒಂದು ಸುಳಿವು ಮಾತ್ರ ಇತ್ತು: ಇದರ ಅವಿಭಾಜ್ಯ ಅಪವರ್ತನ ಯಾವುದೇ ಆಗಿರಲಿ, ಅದನ್ನು 67ರ ಇಮ್ಮಡಿಯಾದ 134ರಿಂದ ಭಾಗಿಸಿದರೆ 1 ಶೇಷ ಉಳಿಯಲೇಬೇಕು. ಆದರೂ ಹುಡುಕಬೇಕಾದ ಸಂಖ್ಯೆಗಳು ಲೆಕ್ಕಕ್ಕೆ ಸಿಗದಷ್ಟಿದ್ದವು.

1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತಜ್ಞರ ಸಭೆ ಸೇರಿತ್ತು. ಅಲ್ಲಿ ಪ್ರಾಧ್ಯಾಪಕ ಕೋಲ್ ಅವರು ತುಟಿ ಬಿಚ್ಚದೆ ಕರಿಹಲಗೆಯ ಬಳಿಗೆ ನಡೆದು, ಒಂದು ಬದಿಯಲ್ಲಿ ನಮ್ಮ ಸಂಖ್ಯೆಯನ್ನು ಬರೆದು, ಮತ್ತೊಂದು ಬದಿಯಲ್ಲಿ 19,37,07,721 ಮತ್ತು 7,61,83,82,57,287 ಇವುಗಳನ್ನು ಗುಣಿಸಿದರೆಂದು ಹೇಳುತ್ತಾರೆ. ಎರಡೂ ಬದಿಯ ಫಲ ಒಂದೇ ಆಗಿತ್ತು. ಸಭೆ ಕರತಾಡನ ಮಾಡಿತು. ಇದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಕೇಳಿದಾಗ ಅವರು, ಮೂರು ವರ್ಷಗಳ ಭಾನುವಾರಗಳು ಎಂದರಂತೆ.

ಗುಣಿಸುವುದು ಗಳಿಗೆಯ ಕೆಲಸ. ಬಿಡಿಸುವುದು ವರ್ಷಗಳ ತಪಸ್ಸು. ಇಂದಿನ ಗಣಕಯಂತ್ರಕ್ಕೆ ಈ ಸಂಖ್ಯೆಯು ಕ್ಷಣಮಾತ್ರದ ತುತ್ತು. ಆದರೆ ನೂರಾರು ಅಂಕಿಗಳ ಸಂಖ್ಯೆಗಳನ್ನು ಬಿಡಿಸುವುದು ಅದಕ್ಕೂ ದುಸ್ಸಾಧ್ಯವಾಗಬಲ್ಲದು. ಗುಪ್ತ ಸಂದೇಶಗಳನ್ನು ಕಾಯುವ ಒಂದು ಮುಖ್ಯ ವಿಧಾನವು ಈ ಕಷ್ಟವನ್ನೇ ನಂಬಿ ನಿಂತಿದೆ.

ದೊಡ್ಡವರು ಹೇಳಿದರೆಂಬ ಮಾತ್ರಕ್ಕೆ ಗಣಿತದಲ್ಲಿ ಯಾವುದೂ ಸತ್ಯವಾಗುವುದಿಲ್ಲ. ಈ ಪಾಠದ ಮಾತನ್ನೂ ಹಾಗೆಯೇ ನಂಬಬೇಡಿ. ಕಾಗದ, ಲೇಖನಿಗಳನ್ನು ಹಿಡಿದು ಕೋಲ್ ಅವರ ಗುಣಾಕಾರವನ್ನು ನೀವೇ ಒಮ್ಮೆ ಮಾಡಿ ನೋಡಿರಿ.