ಕಡಲಿನ ದಾಸ್ತಾನು: ಬಡ್ಡಿ ಬಿಟ್ಟು ಅಸಲನ್ನೇ ತಿನ್ನುವ ವ್ಯಾಪಾರ

ವರ್ಷಾಂತ್ಯದಲ್ಲಿ ಪ್ರತಿಯೊಬ್ಬ ವರ್ತಕನೂ ತನ್ನ ಗೋದಾಮಿನ ಸರಕನ್ನು ಎಣಿಸಿ, ತೂಗಿ, ಅಂತಿಮ ದಾಸ್ತಾನಿನ ಪಟ್ಟಿಯನ್ನು ಸಿದ್ಧಪಡಿಸುತ್ತಾನೆ. ಮಾರಾಟ ಎಷ್ಟೇ ಭರಾಟೆಯಿಂದ ನಡೆದಿದ್ದರೂ ದಾಸ್ತಾನಿನ ಎಣಿಕೆಯಿಲ್ಲದೆ ಲಾಭ-ನಷ್ಟವನ್ನು ನಿರ್ಧರಿಸಲಾಗದು ಎಂಬುದು ಲೆಕ್ಕಶಾಸ್ತ್ರದ ಮೊದಲ ಪಾಠ. ಆದರೆ ಜಗತ್ತಿನ ಅತಿ ಹಳೆಯ ಕಸುಬುಗಳಲ್ಲಿ ಒಂದಾದ ಕಡಲ ಮೀನುಗಾರಿಕೆಯು ಬಹುಕಾಲ ಈ ಪಾಠವನ್ನು ಬದಿಗಿರಿಸಿಯೇ ನಡೆದುಬಂದಿದೆ. ಹಿಡಿದ ಮೀನಿನ ಲೆಕ್ಕ ಎಲ್ಲೆಡೆ ಇದೆ. ನೀರಿನಲ್ಲಿ ಉಳಿದ ಮೀನಿನ ಲೆಕ್ಕ ಇರುವುದು ಕೆಲವೆಡೆ ಮಾತ್ರ.

ಮೀನುಗಾರಿಕೆಗೂ ತಮಗೂ ಸಂಬಂಧವಿಲ್ಲವೆಂದು ಕೆಲವು ವಾಚಕರು ಭಾವಿಸಬಹುದು. ಮಂಜುಗಡ್ಡೆ ಘಟಕ, ಬಲೆ ಮತ್ತು ಹಗ್ಗದ ತಯಾರಿಕೆ, ದೋಣಿ ಕಟ್ಟುವಿಕೆ, ಎಂಜಿನ್ ದುರಸ್ತಿ, ಶೈತ್ಯಾಗಾರ, ಸಾಗಾಣಿಕೆ, ಕೋಳಿ ಹಾಗೂ ಸಿಗಡಿ ಆಹಾರದ ಕಾರ್ಖಾನೆ, ಇವೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಕಡಲಿನ ಈ ದಾಸ್ತಾನನ್ನೇ ನಂಬಿಕೊಂಡಿವೆ. ಆದಕಾರಣ ಈ ವಿಷಯವನ್ನು ವಾಣಿಜ್ಯದ ದೃಷ್ಟಿಯಿಂದಲೇ ಪರಿಶೀಲಿಸುವುದು ಉಚಿತ.

ಅಸಲು ಮತ್ತು ಬಡ್ಡಿ

ಮೀನಿನ ಸಂತತಿಯನ್ನು ಒಂದು ಠೇವಣಿಯೆಂದು ಭಾವಿಸೋಣ. ಪ್ರತಿ ವರ್ಷ ಹುಟ್ಟಿ ಬೆಳೆಯುವ ಮೀನು ಅದರ ಬಡ್ಡಿ. ಬಡ್ಡಿಯಷ್ಟನ್ನೇ ಹಿಡಿದರೆ ಅಸಲು ಹಾಗೆಯೇ ಉಳಿಯುತ್ತದೆ. ಆದರೆ ಬ್ಯಾಂಕಿನ ಠೇವಣಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಯಾರೂ ಮುಟ್ಟದ ಸಮುದ್ರದಲ್ಲಿ ಹುಟ್ಟು-ಸಾವು ಸರಿದೂಗುವುದರಿಂದ ನಿವ್ವಳ ಬೆಳವಣಿಗೆ ಇರುವುದಿಲ್ಲ. ಸ್ವಲ್ಪ ಹಿಡಿದಾಗ ಉಳಿದವುಗಳಿಗೆ ಆಹಾರವೂ ಸ್ಥಳವೂ ಹೆಚ್ಚಾಗಿ ಬೆಳವಣಿಗೆ ಚುರುಕಾಗುತ್ತದೆ. ಸರಳ ಗಣಿತದ ಪ್ರಕಾರ ಮೂಲ ಸಂತತಿಯ ಅರ್ಧದಷ್ಟು ಉಳಿದಿರುವಾಗ ವಾರ್ಷಿಕ ಬೆಳವಣಿಗೆ ಅತ್ಯಧಿಕ. ಇದನ್ನೇ ತಜ್ಞರು ಗರಿಷ್ಠ ಸುಸ್ಥಿರ ಇಳುವರಿ ಎಂದು ಕರೆಯುತ್ತಾರೆ. ಅದಕ್ಕಿಂತ ಕೆಳಗಿಳಿದರೆ ಅಸಲಿನೊಡನೆ ಬಡ್ಡಿಯೂ ಕುಗ್ಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಮೂಲದಲ್ಲಿ 1,00,000 ಟನ್ ಇದ್ದ ಒಂದು ಸಂತತಿಯು 50,000 ಟನ್ ಮಟ್ಟದಲ್ಲಿ ವರ್ಷಕ್ಕೆ 10,000 ಟನ್ ಬೆಳೆಯುತ್ತದೆಂದು ಇಟ್ಟುಕೊಳ್ಳೋಣ. ಅತಿಯಾದ ಹಿಡಿತದಿಂದ ಅದು 20,000 ಟನ್ನಿಗೆ ಇಳಿದಿದೆ. ಆದರೂ ದೋಣಿಗಳು ಎಂದಿನಂತೆ 10,000 ಟನ್ ಹಿಡಿಯುತ್ತಿವೆ. ಆಗಿನ ಖಾತೆ ಹೀಗಿರುತ್ತದೆ:

ಮೊದಲನೆಯ ವರ್ಷ: ಆರಂಭಿಕ ದಾಸ್ತಾನು 20,000, ಬೆಳವಣಿಗೆ 6,400, ಹಿಡಿತ 10,000, ಅಂತಿಮ ದಾಸ್ತಾನು 16,400 ಟನ್.
ಎರಡನೆಯ ವರ್ಷ: ಬೆಳವಣಿಗೆ 5,500, ಹಿಡಿತ 10,000, ಅಂತಿಮ ದಾಸ್ತಾನು 11,900 ಟನ್.
ಮೂರನೆಯ ವರ್ಷ: ಬೆಳವಣಿಗೆ 4,200, ಹಿಡಿತ 10,000, ಅಂತಿಮ ದಾಸ್ತಾನು 6,100 ಟನ್.
ನಾಲ್ಕನೆಯ ವರ್ಷ: ಬೆಳವಣಿಗೆ 2,300. ಇರುವುದೆಲ್ಲವನ್ನೂ ಬಳಿದರೂ 8,400 ಟನ್ ಮಾತ್ರ.

ಮೂರು ವರ್ಷಗಳ ಮಾರಾಟ ಪುಸ್ತಕದಲ್ಲಿ ಒಂದು ಕಿಲೋ ಇಳಿಕೆಯೂ ಕಾಣದು ಎಂಬುದನ್ನು ವಾಚಕರು ಗಮನಿಸಬೇಕು. ನಾಲ್ಕನೆಯ ವರ್ಷ ಮಾತ್ರ ಅಂಗಡಿ ಮುಚ್ಚಬೇಕಾಗುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ಹಿರಿಯರು ಹೇಳಿದ್ದು ಇದನ್ನೇ.

ಜಗತ್ತಿನ ಲೆಕ್ಕಪತ್ರ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ದಶಕಗಳಿಂದ ಈ ದಾಸ್ತಾನಿನ ಅಂದಾಜು ಮಾಡುತ್ತಾ ಬಂದಿದೆ. ಅದರ ಪ್ರಕಾರ 1974ರಲ್ಲಿ ಜಗತ್ತಿನ ಕಡಲ ಮೀನು ಸಂತತಿಗಳ ಪೈಕಿ ಶೇ. 10ರಷ್ಟು ಮಾತ್ರ ಸುಸ್ಥಿರ ಮಿತಿಯನ್ನು ಮೀರಿದ ಹಿಡಿತಕ್ಕೆ ಒಳಗಾಗಿದ್ದವು. 2019ರ ವೇಳೆಗೆ ಈ ಪ್ರಮಾಣ ಶೇ. 35.4ಕ್ಕೆ ಏರಿತು. ಹೆಚ್ಚು ವಿವರವಾದ ಹೊಸ ವಿಧಾನದಲ್ಲಿ 2,570 ಸಂತತಿಗಳನ್ನು ಪರಿಶೀಲಿಸಿ 2025ರಲ್ಲಿ ಪ್ರಕಟಿಸಿದ ವರದಿಯು ಶೇ. 35.5ರಷ್ಟು ಸಂತತಿಗಳು ಅತಿಹಿಡಿತಕ್ಕೆ ತುತ್ತಾಗಿವೆಯೆಂದು ತಿಳಿಸಿದೆ. ಸ್ಥೂಲವಾಗಿ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಖಾತೆಗಳಲ್ಲಿ ಅಸಲು ಕರಗುತ್ತಿದೆ.

ಎಲ್ಲ ಸಮುದ್ರಗಳ ಸ್ಥಿತಿಯೂ ಒಂದೇ ಅಲ್ಲ. ಅಮೆರಿಕ ಮತ್ತು ಕೆನಡಾದ ಪಶ್ಚಿಮಕ್ಕಿರುವ ಈಶಾನ್ಯ ಪೆಸಿಫಿಕ್ ಸಾಗರದಲ್ಲಿ ಶೇ. 92.7ರಷ್ಟು ಸಂತತಿಗಳು ಸುಸ್ಥಿರ ಮಿತಿಯೊಳಗಿವೆ. ಮೆಡಿಟರೇನಿಯನ್ ಮತ್ತು ಕಪ್ಪು ಸಮುದ್ರಗಳಲ್ಲಿ ಈ ಪ್ರಮಾಣ ಶೇ. 35.1 ಮಾತ್ರ. ಈ ಅಂತರಕ್ಕೆ ಆಡಳಿತದ ಶಿಸ್ತೇ ಮುಖ್ಯ ಕಾರಣ.

ಇನ್ನು ಒಟ್ಟು ಉತ್ಪನ್ನದ ಮಾತು. ಜಗತ್ತಿನ ಕಡಲ ಮೀನಿನ ಹಿಡಿತವು 1996ರಲ್ಲಿ ಸುಮಾರು 8.6 ಕೋಟಿ ಟನ್ನಿನ ಶಿಖರವನ್ನು ಮುಟ್ಟಿ, ಅನಂತರ 8 ಕೋಟಿ ಟನ್ನಿನ ಆಸುಪಾಸಿನಲ್ಲೇ ನಿಂತಿದೆ. ಎಂಜಿನ್ನುಗಳ ಶಕ್ತಿ ಹೆಚ್ಚಿದೆ, ಮೀನಿನ ಗುಂಪನ್ನು ಪತ್ತೆಹಚ್ಚುವ ಸೋನಾರ್ ಬಂದಿದೆ, ಉಪಗ್ರಹದ ಮಾರ್ಗದರ್ಶನವಿದೆ; ಆದರೂ ಹಿಡಿತ ಏರಿಲ್ಲ. ಹೆಚ್ಚಿದ ಬೇಡಿಕೆಯನ್ನು ಪೂರೈಸಿರುವುದು ಕೃಷಿ ಮೀನು. 2022ರಲ್ಲಿ ಸಾಕಿದ ಜಲಚರಗಳ ಉತ್ಪಾದನೆಯು ಹಿಡಿದ ಜಲಚರಗಳ ಪ್ರಮಾಣವನ್ನು ಪ್ರಥಮ ಬಾರಿಗೆ ಮೀರಿತು.

ಇದರಿಂದಾಗುವ ನಷ್ಟವನ್ನು ವಿಶ್ವಬ್ಯಾಂಕು ಹಣದಲ್ಲಿಯೇ ಅಂದಾಜಿಸಿದೆ. ಅದರ 2017ರ ಅಧ್ಯಯನದ ಪ್ರಕಾರ ಅತಿಹಿಡಿತ ಮತ್ತು ಅವ್ಯವಸ್ಥೆಯಿಂದ ಜಗತ್ತಿನ ಕಡಲ ಮೀನುಗಾರಿಕೆಯು 2012ರಲ್ಲಿ ಕಳೆದುಕೊಂಡ ಸಂಭಾವ್ಯ ಲಾಭ ಸುಮಾರು 8,300 ಕೋಟಿ ಡಾಲರ್.

ನ್ಯೂಫೌಂಡ್‌ಲ್ಯಾಂಡಿನ ದಿವಾಳಿ

ಕೆನಡಾದ ಪೂರ್ವತೀರದ ನ್ಯೂಫೌಂಡ್‌ಲ್ಯಾಂಡ್ ದ್ವೀಪವು ಸುಮಾರು ಐದು ಶತಮಾನಗಳ ಕಾಲ ಕಾಡ್ ಎಂಬ ಮೀನಿನಿಂದಲೇ ಬದುಕಿತು. ಎರಡನೆಯ ಮಹಾಯುದ್ಧದ ಅನಂತರ ಹಿಡಿದ ಮೀನನ್ನು ಅಲ್ಲಿಯೇ ಸಂಸ್ಕರಿಸಿ ಶೀತಲೀಕರಿಸುವ ಬೃಹತ್ ಟ್ರಾಲರ್ ಹಡಗುಗಳು ಯುರೋಪಿನಿಂದ ಬಂದವು. 1968ರಲ್ಲಿ ಅಲ್ಲಿನ ಉತ್ತರ ಕಾಡ್ ಸಂತತಿಯ ಹಿಡಿತ 8 ಲಕ್ಷ ಟನ್ನನ್ನು ದಾಟಿತು. ಅಲ್ಲಿಂದ ಮುಂದೆ ಇಳಿಮುಖ. 1977ರಲ್ಲಿ ಕೆನಡಾ ತನ್ನ ಕಡಲ ಹಕ್ಕನ್ನು 200 ನಾಟಿಕಲ್ ಮೈಲಿಗೆ ವಿಸ್ತರಿಸಿ ವಿದೇಶೀ ಹಡಗುಗಳನ್ನು ಹೊರಗಿಟ್ಟಿತು; ಆದರೆ ಆ ಸ್ಥಳವನ್ನು ಸ್ವದೇಶೀ ಟ್ರಾಲರುಗಳು ತುಂಬಿದವು.

ಲೆಕ್ಕಪರಿಶೋಧಕರ ಗಮನ ಸೆಳೆಯಬೇಕಾದ ಅಂಶ ಮುಂದಿದೆ. 1980ರ ದಶಕದಲ್ಲಿ ಸಂತತಿಯ ಗಾತ್ರವನ್ನು ಅಂದಾಜಿಸುವಾಗ ಟ್ರಾಲರುಗಳು ಗಂಟೆಗೆ ಎಷ್ಟು ಮೀನು ಹಿಡಿಯುತ್ತಿವೆ ಎಂಬ ಅಂಕಿಗೂ ಪ್ರಾಶಸ್ತ್ಯ ನೀಡಲಾಗಿತ್ತು. ಕಾಡ್ ಗುಂಪಾಗಿ ಸೇರುವ ಮೀನು. ಸಂಖ್ಯೆ ಕುಸಿದರೂ ಉಳಿದವು ಒಂದೆಡೆ ಕೂಡುತ್ತವೆ. ಆಧುನಿಕ ಉಪಕರಣಗಳಿಂದ ಆ ಗುಂಪನ್ನು ಹುಡುಕಿ ಬಲೆ ಬೀಸಿದರೆ ಹಿಡಿತ ಸಮೃದ್ಧವಾಗಿಯೇ ಕಾಣುತ್ತದೆ. ಗೋದಾಮನ್ನು ತೆರೆದು ನೋಡದೆ ಮಾರಾಟದ ಅಂಕಿಯಿಂದಲೇ ದಾಸ್ತಾನನ್ನು ದೃಢೀಕರಿಸಿದಂತೆ ಇದು. ದಡದ ಸಮೀಪ ಹಿಡಿಯುವ ಸಣ್ಣ ಮೀನುಗಾರರು ಮೀನು ಚಿಕ್ಕದಾಗುತ್ತಿದೆ, ಸಿಗುವುದು ಕಡಿಮೆಯಾಗುತ್ತಿದೆ ಎಂದು ದೂರಿಕೊಂಡರೂ ಆ ಮಾತಿಗೆ ಸಕಾಲದಲ್ಲಿ ಬೆಲೆ ಸಿಗಲಿಲ್ಲ.

1992ರ ಜುಲೈ 2ರಂದು ಕೆನಡಾದ ಮೀನುಗಾರಿಕಾ ಸಚಿವ ಜಾನ್ ಕ್ರಾಸ್ಬಿಯವರು ಉತ್ತರ ಕಾಡ್ ಹಿಡಿಯುವುದನ್ನು ನಿಷೇಧಿಸಿದರು. ಸುಮಾರು 30,000 ಜನರ ಉದ್ಯೋಗ ಒಮ್ಮೆಲೇ ಹೋಯಿತು. ಎರಡು ವರ್ಷಕ್ಕೆಂದು ಘೋಷಿಸಿದ ಆ ನಿಷೇಧ ತೆರವಾದದ್ದು 2024ರ ಜೂನ್‌ನಲ್ಲಿ, 32 ವರ್ಷಗಳ ಅನಂತರ. ಆ ವರ್ಷ ನಿಗದಿಪಡಿಸಿದ ಮಿತಿ 18,000 ಟನ್. ಎಂದರೆ 1968ರ ಹಿಡಿತದ ನಲವತ್ತೈದರಲ್ಲಿ ಸುಮಾರು ಒಂದು ಪಾಲು. ಸಮುದ್ರದ ಶೈತ್ಯದಲ್ಲಾದ ಬದಲಾವಣೆಯೂ ಕಾಡ್ ಸಂತತಿಗೆ ಪೆಟ್ಟು ಕೊಟ್ಟಿತೆಂಬುದು ನಿಜ. ಆದರೆ ಕಷ್ಟಕಾಲಕ್ಕೆಂದು ಉಳಿದಿರಬೇಕಾದ ಮೀಸಲು ನಿಧಿ ಅದಾಗಲೇ ಖಾಲಿಯಾಗಿತ್ತು.

ನಷ್ಟವಿದ್ದರೂ ದೋಣಿ ನಿಲ್ಲದೇಕೆ?

ಕೆನಡಾದ ಅರ್ಥಶಾಸ್ತ್ರಜ್ಞ ಸ್ಕಾಟ್ ಗಾರ್ಡನ್ ಅವರು 1954ರಲ್ಲಿಯೇ ಇದಕ್ಕೆ ಉತ್ತರ ಕೊಟ್ಟಿದ್ದರು. ಮೀನು ಬಲೆಗೆ ಬೀಳುವವರೆಗೆ ಯಾರ ಆಸ್ತಿಯೂ ಅಲ್ಲ. ನಾನು ಇಂದು ಬಿಟ್ಟ ಮೀನನ್ನು ನಾಳೆ ಇನ್ನೊಬ್ಬ ಹಿಡಿಯುತ್ತಾನೆ. ಆದ್ದರಿಂದ ಸಂಯಮಕ್ಕೆ ಪ್ರತಿಫಲವಿಲ್ಲ. ಲಾಭ ಕಾಣುವವರೆಗೂ ಹೊಸ ದೋಣಿಗಳು ಇಳಿಯುತ್ತಲೇ ಇರುತ್ತವೆ. ಕೊನೆಗೆ ಆದಾಯವೆಲ್ಲ ಖರ್ಚಿಗೇ ಸರಿಹೋಗುತ್ತದೆ. ಇದು ಮೀನುಗಾರರ ದುರಾಸೆಯಲ್ಲ, ವ್ಯವಸ್ಥೆಯ ದೋಷ.

ಆ ಹಂತದಲ್ಲಿ ದೋಣಿಗಳ ಸಂಖ್ಯೆ ತಾನಾಗಿಯೇ ಸ್ಥಿರಗೊಳ್ಳಬೇಕು. ಹಾಗಾಗದಂತೆ ತಡೆಯುವುದು ಸಹಾಯಧನ. ಜಗತ್ತಿನ ಸರಕಾರಗಳು 2018ರಲ್ಲಿ ಮೀನುಗಾರಿಕೆಗೆ ನೀಡಿದ ಸಹಾಯಧನ ಸುಮಾರು 3,540 ಕೋಟಿ ಡಾಲರ್ ಎಂದೂ, ಅದರಲ್ಲಿ 2,220 ಕೋಟಿ ಡಾಲರ್ ಇಂಧನ, ಹಡಗು ನಿರ್ಮಾಣ ಮೊದಲಾದ ಹಿಡಿತದ ಸಾಮರ್ಥ್ಯವನ್ನೇ ಹೆಚ್ಚಿಸುವ ಬಾಬುಗಳಿಗೆ ಸಂದಿತೆಂದೂ ತಜ್ಞರು ಅಂದಾಜಿಸಿದ್ದಾರೆ.

ಈ ಕಾರಣದಿಂದ ವಿಶ್ವ ವ್ಯಾಪಾರ ಸಂಸ್ಥೆಯು 2022ರ ಜೂನ್‌ನಲ್ಲಿ ಮೀನುಗಾರಿಕಾ ಸಹಾಯಧನ ಒಪ್ಪಂದವನ್ನು ಅಂಗೀಕರಿಸಿತು. 2025ರ ಸೆಪ್ಟೆಂಬರ್ 15ರಂದು ಅದು ಜಾರಿಗೆ ಬಂತು. ಅಕ್ರಮ ಮೀನುಗಾರಿಕೆಗೆ, ಅತಿಹಿಡಿತಕ್ಕೆ ಒಳಗಾದ ಸಂತತಿಗಳನ್ನು ಹಿಡಿಯುವುದಕ್ಕೆ ಮತ್ತು ನಿಯಂತ್ರಣವಿಲ್ಲದ ದೂರಸಾಗರದ ಮೀನುಗಾರಿಕೆಗೆ ನೀಡುವ ಸಹಾಯಧನವನ್ನು ಅದು ನಿರ್ಬಂಧಿಸುತ್ತದೆ. ದೂರಸಾಗರದ ಬೃಹತ್ ನೌಕಾಪಡೆಗಳಿಗೂ ನಾಡದೋಣಿಯ ಮೀನುಗಾರನಿಗೂ ಒಂದೇ ನಿಯಮ ಸಲ್ಲದೆಂಬುದು ಭಾರತದ ವಾದ. ಸಾಮರ್ಥ್ಯವರ್ಧಕ ಸಹಾಯಧನದ ಕುರಿತ ಮುಂದಿನ ಹಂತದ ಮಾತುಕತೆಯಲ್ಲಿ ಅಭಿವೃದ್ಧಿಶೀಲ ರಾಷ್ಟ್ರಗಳಿಗೆ 25 ವರ್ಷಗಳ ಕಾಲಾವಕಾಶವನ್ನು ನಮ್ಮ ದೇಶ ಕೇಳಿದೆ. ಈ ವಾದದಲ್ಲಿ ನ್ಯಾಯವಿದೆ. ಆದರೆ ಕಾಲಾವಕಾಶ ದೊರೆತರೂ ಮೀನಿನ ಸಂತಾನಕ್ರಮ ಅದನ್ನು ಕಾಯುವುದಿಲ್ಲ.

ನಮ್ಮ ಕರಾವಳಿ

1970ರ ದಶಕದ ಕೊನೆಯಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಲೆ ಬಂದು, ಊರಿಗೆ ಊರೇ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆಯನ್ನು ಹಿಂದಕ್ಕೆ ತಳ್ಳಿತು. ಅಂದಿನಿಂದ ಬೂತಾಯಿ ಮತ್ತು ಬಂಗುಡೆಯ ವ್ಯಾಪಾರದ ಸ್ವರೂಪವೇ ಬದಲಾಯಿತು. ಬೂತಾಯಿಯ ಏರಿಳಿತಕ್ಕೆ ನೆರೆಯ ಕೇರಳವೇ ನಿದರ್ಶನ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂಕಿಗಳ ಪ್ರಕಾರ 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. 2021ರಲ್ಲಿ ದೊರೆತದ್ದು ಸುಮಾರು 3,300 ಟನ್ ಮಾತ್ರ. ಅನಂತರದ ವರ್ಷಗಳಲ್ಲಿ ಸಂತತಿ ಚೇತರಿಸಿಕೊಂಡಿದೆ. ಬೂತಾಯಿ ಬೇಗ ಬೆಳೆದು ಬೇಗ ಮೊಟ್ಟೆಯಿಡುವ ಮೀನಾದ್ದರಿಂದ ಕಾಡ್‌ನಂತೆ ಮೂರು ದಶಕ ಕಾಯಬೇಕಿಲ್ಲ. ಸಮುದ್ರದ ಉಷ್ಣತೆಯ ವ್ಯತ್ಯಾಸವೂ ಇಂತಹ ಏರಿಳಿತಕ್ಕೆ ಕಾರಣ. ಆದರೆ ಹವಾಮಾನ ನಮ್ಮ ಕೈಯಲ್ಲಿಲ್ಲ. ಬಲೆಯ ಕಣ್ಣಿನ ಅಳತೆ ನಮ್ಮ ಕೈಯಲ್ಲಿದೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ರಜೆ ಇದೆ. ಜೋಡಿ ದೋಣಿಗಳಿಂದ ಎಳೆಯುವ ಬುಲ್ ಟ್ರಾಲಿಂಗ್ ಮತ್ತು ಪ್ರಖರ ಬೆಳಕು ಹಾಯಿಸಿ ಹಿಡಿಯುವ ಪದ್ಧತಿಗಳನ್ನು ಕೇಂದ್ರ ಸರಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದೆ. ಇವು ಸರಿಯಾದ ಕ್ರಮಗಳು. ಆದರೆ ಕೊಳ್ಳುವವನು ಇರುವವರೆಗೆ ಮರಿಮೀನನ್ನು ಹಿಡಿಯುವವನೂ ಇರುತ್ತಾನೆ. ಊಟದ ತಟ್ಟೆಗೆ ಬಾರದ ಮರಿಮೀನು ಮೀನಿನ ಹಿಟ್ಟು ಮತ್ತು ಎಣ್ಣೆಯ ಘಟಕಗಳಿಗೆ ಅಗ್ಗದ ಬೆಲೆಗೆ ಹೋಗುತ್ತದೆ. ಮುಂದಿನ ವರ್ಷ ಹಲವು ಪಟ್ಟು ತೂಗಿ, ಮೊಟ್ಟೆಯನ್ನೂ ಇಟ್ಟು, ಉತ್ತಮ ಧಾರಣೆ ತರಬಹುದಾಗಿದ್ದ ಸರಕನ್ನು ಅರೆಬೆಂದ ಸ್ಥಿತಿಯಲ್ಲಿ ಮಾರಿದಂತಾಗುತ್ತದೆ.

ವರ್ತಕರು ಗಮನಿಸಬೇಕಾದ ಅಂಶಗಳು

ಒಂದು: ದೋಣಿ, ಮಂಜುಗಡ್ಡೆ ಘಟಕ ಅಥವಾ ಸಂಸ್ಕರಣಾ ಘಟಕಕ್ಕೆ ಸಾಲ ಪಡೆಯುವಾಗ ಯೋಜನಾ ವರದಿಯನ್ನು ಅತ್ಯುತ್ತಮ ವರ್ಷದ ಹಿಡಿತದ ಮೇಲೆ ಕಟ್ಟಬಾರದು. ಕನಿಷ್ಠ ಹತ್ತು ವರ್ಷಗಳ ಸರಾಸರಿಯನ್ನೂ, ಅತಿ ಕೆಟ್ಟ ವರ್ಷದಲ್ಲಿ ಕಂತು ತೀರಿಸುವ ಶಕ್ತಿಯನ್ನೂ ಲೆಕ್ಕಹಾಕಬೇಕು.

ಎರಡು: ಕಚ್ಚಾ ಸರಕಿನ ಖರೀದಿಯಲ್ಲಿ ಮೀನಿನ ಕನಿಷ್ಠ ಗಾತ್ರವನ್ನು ಷರತ್ತಾಗಿ ಸೇರಿಸಬೇಕು. ಒಬ್ಬರೇ ಮಾಡಿದರೆ ಸರಕು ಪಕ್ಕದವರ ಪಾಲಾಗುವುದು. ಆದ್ದರಿಂದ ಇದು ಸಂಘಟಿತವಾಗಿ ಆಗಬೇಕಾದ ಕೆಲಸ.

ಮೂರು: ಯಾವ ದೋಣಿ, ಯಾವ ದಿನ, ಎಲ್ಲಿ, ಎಷ್ಟು ಹಿಡಿಯಿತು ಎಂಬ ದಾಖಲೆಯನ್ನು ಇಡಬೇಕು. ಯುರೋಪಿಯನ್ ಒಕ್ಕೂಟವು 2010ರ ಜನವರಿ 1ರಿಂದ ಆಮದಾಗುವ ಕಡಲ ಮೀನಿಗೆ ಹಿಡಿತದ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿದೆ. ದಾಖಲೆಯಿಲ್ಲದ ಸರಕಿಗೆ ದೊಡ್ಡ ಮಾರುಕಟ್ಟೆಗಳ ಬಾಗಿಲು ಕಿರಿದಾಗುತ್ತಿದೆ.

ಕಡಲು ಕೈಬಿಟ್ಟಿದೆ ಎಂದು ನಿರಾಶರಾಗಬೇಕಿಲ್ಲ. ಅಟ್ಲಾಂಟಿಕ್ ಸಾಗರದ ಬ್ಲೂಫಿನ್ ಟ್ಯೂನಾ ಮೀನು ಅಳಿವಿನಂಚಿನ ಪಟ್ಟಿಯಲ್ಲಿತ್ತು. ಹಿಡಿತದ ಮಿತಿಯನ್ನು ಬಿಗಿಗೊಳಿಸಿದ ಮೇಲೆ ಚೇತರಿಸಿ 2021ರಲ್ಲಿ ಆ ಪಟ್ಟಿಯಿಂದ ಹೊರಬಂದಿತು. ಕಾರ್ಖಾನೆಯ ಯಂತ್ರಕ್ಕೆ ಪ್ರತಿ ವರ್ಷ ಸವಕಳಿ ತೆಗೆದಿರಿಸುವ ನಾವು, ಆ ಯಂತ್ರಕ್ಕೆ ಕೆಲಸ ಕೊಡುವ ಮೀನಿನ ಸಂತತಿಗೆ ಸವಕಳಿಯ ಲೆಕ್ಕವನ್ನೇ ಇಡುವುದಿಲ್ಲ. ಯಂತ್ರ ಸವೆದರೆ ಇನ್ನೊಂದನ್ನು ಕೊಳ್ಳಬಹುದು. ಈ ದಾಸ್ತಾನನ್ನು ಮಾತ್ರ ಯಾವ ಪೇಟೆಯಲ್ಲೂ ಕೊಳ್ಳಲಾಗದು.