ಒಂಟಿ ಗೋಪುರದ ಸೆ ಕೆಥೆಡ್ರಲ್

ಹಳೇ ಗೋವಾದಲ್ಲಿ ಜನ ಮೊದಲು ಮುಗಿಬೀಳುವುದು ಬೋಂ ಜೆಸು ಬೆಸಿಲಿಕಾಕ್ಕೆ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಪಾರ್ಥಿವ ಶರೀರ ಇರುವುದು ಅಲ್ಲಿ. ಅದರ ಎದುರಿಗೆ, ರಸ್ತೆಯಾಚೆಗಿನ ಹಸಿರು ಹಾಸಿನ ನಡುವೆ ಬೆಳ್ಳಗೆ ಎದ್ದು ನಿಂತಿದೆ ಸೆ ಕೆಥೆಡ್ರಲ್. ಕರ್ನಾಟಕದಿಂದ ಹೋದವರು ಇದಕ್ಕೂ ಬಿಡುವು ಮಾಡಿಕೊಳ್ಳಬೇಕು. ಪೋರ್ಚುಗೀಸರು ಕಟ್ಟಿದ ಈ ದೇಗುಲದ ಹುಟ್ಟಿನಲ್ಲಿ ಬಿಜಾಪುರದ ಸೋಲಿದೆ, ಹೊನ್ನಾವರದವನೊಬ್ಬನ ಪಾತ್ರವಿದೆ.

ಹದಿನಾರನೇ ಶತಮಾನದ ಆರಂಭದಲ್ಲಿ ಗೋವಾ ಬಿಜಾಪುರದ ಆದಿಲ್‌ಶಾಹಿಗಳ ಬಂದರು. ಅದರ ಮೇಲೆ ದಾಳಿ ಮಾಡಲು ಪೋರ್ಚುಗೀಸ್ ದಂಡನಾಯಕ ಅಫೊನ್ಸೊ ದ ಅಲ್ಬುಕರ್ಕ್‌ನನ್ನು ಹುರಿದುಂಬಿಸಿದವನು ಹೊನ್ನಾವರದ ಕಡೆಯ ನಾವಿಕ ನಾಯಕ ತಿಮ್ಮೋಜ. 1510ರಲ್ಲಿ ಒಮ್ಮೆ ಗೆದ್ದ ಊರನ್ನು ಅಲ್ಬುಕರ್ಕ್ ಕೆಲವೇ ತಿಂಗಳಲ್ಲಿ ಕಳೆದುಕೊಂಡ. ಅದೇ ವರ್ಷ ನವೆಂಬರ್ 25ರಂದು ಮತ್ತೆ ಕೈವಶ ಮಾಡಿಕೊಂಡ. ಅಂದು ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನಳ ಹಬ್ಬ. ಹಾಗಾಗಿ ಗೆಲುವಿನ ನೆನಪಿನ ಚರ್ಚ್ ಅವಳ ಹೆಸರಿಗೆ ಸಂದಿತು. ಈಗಿನ ಭವ್ಯ ಕಟ್ಟಡದ ಕೆಲಸ 1562ರಲ್ಲಿ, ದೊರೆ ಸೆಬಾಸ್ಟಿಯನ್‌ನ ಕಾಲದಲ್ಲಿ ಶುರುವಾಯಿತು.

ಕೆಲಸ ನಡೆದ ಕಾಲವನ್ನು ಕನ್ನಡ ನಾಡಿನ ಇತಿಹಾಸದ ಪಕ್ಕದಲ್ಲಿಟ್ಟು ನೋಡಬೇಕು. 1565ರಲ್ಲಿ ವಿಜಯನಗರ ಬಿತ್ತು. ಅರಬ್ ಕುದುರೆಗಳನ್ನು ಗೋವಾದ ಮೂಲಕ ತರಿಸಿಕೊಳ್ಳುತ್ತಿದ್ದ ದೊಡ್ಡ ಗಿರಾಕಿಯೇ ಇಲ್ಲವಾಗಿ ಪೋರ್ಚುಗೀಸರ ವ್ಯಾಪಾರಕ್ಕೆ ಪೆಟ್ಟು ಬಿತ್ತು. 1570ರಲ್ಲಿ ಅಲಿ ಆದಿಲ್‌ಶಾಹ ಗೋವಾವನ್ನು ಮುತ್ತಿದ. ತಿಂಗಳುಗಟ್ಟಲೆ ಹೋರಾಡಿಯೂ ಊರು ಅವನ ಕೈಗೆ ದಕ್ಕಲಿಲ್ಲ. ಚರ್ಚಿನ ಒಡಲು ಪೂರ್ಣಗೊಂಡದ್ದು 1619ರಲ್ಲಿ, ಪ್ರತಿಷ್ಠಾಪನೆ 1640ರಲ್ಲಿ. ಅತ್ತ ಬಿಜಾಪುರದಲ್ಲಿ ಜಾಮಿಯಾ ಮಸೀದಿ, ಇಬ್ರಾಹಿಂ ರೋಜಾ, ಗೋಲಗುಮ್ಮಟಗಳು ಮೇಲೇಳುತ್ತಿದ್ದುದೂ ಇದೇ ಅವಧಿಯಲ್ಲಿ. ಹಗೆ ಸಾಧಿಸುತ್ತಿದ್ದ ಎರಡು ರಾಜಧಾನಿಗಳು ಒಂದೇ ಹೊತ್ತಿನಲ್ಲಿ ತಮ್ಮ ಅತಿ ದೊಡ್ಡ ಕಟ್ಟಡಗಳನ್ನು ಕಟ್ಟುತ್ತಿದ್ದವು.

ಸುಮಾರು 76 ಮೀಟರ್ ಉದ್ದ, 55 ಮೀಟರ್ ಅಗಲದ ಸೆ ಕೆಥೆಡ್ರಲ್ ಏಷ್ಯಾದ ಅತಿ ದೊಡ್ಡ ಚರ್ಚ್‌ಗಳಲ್ಲಿ ಒಂದು. ಗೋಡೆಗಳು ಕರಾವಳಿಯ ಮನೆಮನೆಗೂ ಬಳಸುವ ಮುರಕಲ್ಲಿನವು. ತೂತುತೂತಾದ ಈ ಕೆಂಪು ಕಲ್ಲು ಗಾಳಿ ಮಳೆಗೆ ಸವೆಯದಂತೆ ಮೇಲೆ ಸುಣ್ಣದ ಗಾರೆ. ಮುಂಭಾಗ ಟಸ್ಕನ್ ಶೈಲಿಯದು, ಹೆಚ್ಚು ಅಲಂಕಾರವಿಲ್ಲದ ಗಂಭೀರ ರೂಪ. ಮೊದಲು ಎರಡು ಗೋಪುರಗಳಿದ್ದವು. 1776ರಲ್ಲಿ ಒಂದು ಕುಸಿಯಿತು. ಅದನ್ನು ಮತ್ತೆ ಕಟ್ಟಲೇ ಇಲ್ಲ. ಆ ವೇಳೆಗೆ ರೋಗರುಜಿನಗಳ ಹೊಡೆತಕ್ಕೆ ಊರು ಬರಿದಾಗಿತ್ತು, ವೈಸರಾಯ್ ಕೂಡ ಪಣಜಿಗೆ ಹೋಗಿ ನೆಲೆಸಿದ್ದ.

ಒಳಗೆ ಕಾಲಿಟ್ಟರೆ ನೋಟವೇ ಬೇರೆ. ಕಂಬಗಳ ಸಾಲಿನ ನಡುವಿನ ಎತ್ತರದ ಅಂಕಣದ ಕೊನೆಯಲ್ಲಿ, ಚಿನ್ನದ ಲೇಪದ ಮರದ ಕೆತ್ತನೆಯ ಮುಖ್ಯ ಪೀಠ. ಕ್ಯಾಥರೀನಳ ಬದುಕು ಮತ್ತು ಬಲಿದಾನದ ದೃಶ್ಯಗಳು ಅದರ ಫಲಕಗಳಲ್ಲಿವೆ. ಎರಡೂ ಬದಿಗೆ ಸಾಲಾಗಿ ಕಿರುಗುಡಿಗಳು. ಬಾಗಿಲ ಬಳಿಯ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ ಕಟ್ಟಡಕ್ಕಿಂತಲೂ ಹಳೆಯದು; ಸಂತ ಕ್ಸೇವಿಯರ್ ಇದರ ನೀರಿನಿಂದಲೇ ದೀಕ್ಷೆ ಕೊಡುತ್ತಿದ್ದರೆಂಬುದು ನಂಬಿಕೆ.

ಉಳಿದ ಗೋಪುರದಲ್ಲಿ ತೂಗುವುದು 'ಚಿನ್ನದ ಗಂಟೆ'. ಲೋಹ ಚಿನ್ನದ್ದಲ್ಲ, ನಾದಕ್ಕೆ ಸಂದ ಹೆಸರು ಅದು. ಕೆಥೆಡ್ರಲ್ಲಿನ ಗಂಟೆಯ ದನಿಗೆ ಕರಾಳ ನೆನಪೂ ಅಂಟಿಕೊಂಡಿದೆ. ಕೆಥೆಡ್ರಲ್ ಚೌಕದ ಪಕ್ಕದಲ್ಲಿದ್ದ ಆದಿಲ್‌ಶಾಹನ ಅರಮನೆ 1560ರಿಂದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯವಾಯಿತು. ಅಲ್ಲಿ ಸೆರೆಯಾಗಿದ್ದ ಫ್ರೆಂಚ್ ವೈದ್ಯ ಶಾರ್ಲ್ ದೆಲ್ಲೋನ್, ಶಿಕ್ಷೆ ಸಾರುವ ದಿನ ಕೆಥೆಡ್ರಲ್ಲಿನ ದೊಡ್ಡ ಗಂಟೆ ಮೊಳಗಿದ್ದನ್ನು ಬರೆದಿಟ್ಟಿದ್ದಾನೆ. ಆ ನ್ಯಾಯಾಲಯ ಕೊನೆಗೊಂಡದ್ದು 1812ರಲ್ಲಿ. ಮತಾಂತರದ ಒತ್ತಡ, ವಿಚಾರಣೆಯ ಭಯ, ಬರ, ಯುದ್ಧಗಳಿಂದ ಬೇಸತ್ತ ಎಷ್ಟೋ ಕೊಂಕಣಿ ಕುಟುಂಬಗಳು, ಹಿಂದೂಗಳೂ ಕ್ರೈಸ್ತರೂ, ಕೆನರಾ ಕರಾವಳಿಗೆ ಇಳಿದು ಬಂದವು. ಮಂಗಳೂರು, ಉಡುಪಿ, ಕಾರವಾರದ ಹಲವು ಮನೆತನಗಳ ಪಾಲಿಗೆ ಈ ಚೌಕ ಪೂರ್ವಜರು ಬಿಟ್ಟುಬಂದ ಊರಿನ ನಡುಮನೆ. ಕಟ್ಟಡದ ಚೆಲುವನ್ನು ಮೆಚ್ಚಿಕೊಳ್ಳುವಾಗ ಈ ನೋವನ್ನೂ ನೆನೆಯುವುದು ಇತಿಹಾಸಕ್ಕೆ ನಾವು ಸಲ್ಲಿಸಬೇಕಾದ ಗೌರವ.

ಹಳೇ ಗೋವಾದ ಚರ್ಚ್‌ಗಳು ಮತ್ತು ಮಠಗಳು 1986ರಿಂದ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಯಲ್ಲಿವೆ. ಆದರೂ ಸೆ ಕೆಥೆಡ್ರಲ್ ಬರೀ ಸ್ಮಾರಕವಲ್ಲ. ಇಂದಿಗೂ ಪೂಜೆ ನಡೆಯುವ ಜಾಗ. ಹತ್ತು ವರ್ಷಕ್ಕೊಮ್ಮೆ ಕ್ಸೇವಿಯರ್ ಅವರ ಪಾರ್ಥಿವ ಶರೀರವನ್ನು ಮೆರವಣಿಗೆಯಲ್ಲಿ ಇಲ್ಲಿಗೆ ತಂದು ದರ್ಶನಕ್ಕಿಡುತ್ತಾರೆ. ಕಳೆದ ಬಾರಿ ಅದು ನಡೆದದ್ದು 2024ರ ನವೆಂಬರಿನಿಂದ 2025ರ ಜನವರಿವರೆಗೆ. ಭುಜ, ಮೊಣಕಾಲು ಮುಚ್ಚುವ ಉಡುಪು ತೊಟ್ಟು ಹೋಗಬೇಕು. ಪೂಜೆಯ ಹೊತ್ತಿನಲ್ಲಿ ಕ್ಯಾಮೆರಾ ಬದಿಗಿಟ್ಟು ಸುಮ್ಮನೆ ಕೂರುವುದು ಒಳ್ಳೆಯದು.

ಪಣಜಿಯಿಂದ ಇಲ್ಲಿಗೆ ಸುಮಾರು 10 ಕಿಲೋಮೀಟರ್. ಕೊಂಕಣ ರೈಲಿನಲ್ಲಿ ಬರುವವರಿಗೆ ಕರ್ಮಲಿ ನಿಲ್ದಾಣ ಹತ್ತಿರ. ಕೆಥೆಡ್ರಲ್ ನೋಡಿದ ಮೇಲೆ ಪಕ್ಕದ ಸಂತ ಫ್ರಾನ್ಸಿಸ್ ಅಸ್ಸಿಸಿಯ ಮಠದಲ್ಲಿರುವ ಪುರಾತತ್ವ ವಸ್ತುಸಂಗ್ರಹಾಲಯಕ್ಕೂ ಹೋಗಿ. ಪೋರ್ಚುಗೀಸ್ ವೈಸರಾಯ್‌ಗಳ ಸಾಲು ಸಾಲು ಭಾವಚಿತ್ರಗಳ ಜೊತೆಗೆ ಕದಂಬರ ಕಾಲದ ವೀರಗಲ್ಲುಗಳೂ ಅಲ್ಲಿವೆ. ನೌಕಾಯುದ್ಧದಲ್ಲಿ ಮಡಿದವರನ್ನು ಅವುಗಳಲ್ಲಿ ಕೆತ್ತಿದ್ದಾರೆ. ಅಲ್ಬುಕರ್ಕ್ ಬರುವುದಕ್ಕೆ ಶತಮಾನಗಳ ಹಿಂದೆಯೇ ಈ ಬಂದರಿಗಾಗಿ ಜನ ಕಾದಿದ್ದರು, ಸತ್ತಿದ್ದರು. ಆ ಕಲ್ಲುಗಳನ್ನು ನೋಡದೆ ಮರಳಿದವರಿಗೆ ಹಳೇ ಗೋವಾ ಬರೀ ಪೋರ್ಚುಗೀಸರ ಊರಾಗಿಯೇ ಉಳಿಯುತ್ತದೆ. ನೋಡಿದವರಿಗೆ ಅದು ನಮ್ಮ ಚರಿತ್ರೆಯೂ ಹೌದೆಂದು ಮನದಟ್ಟಾಗುತ್ತದೆ.