ಹೊಳೆಗೆ ಮರಳಿದ ಮರಗಳು

ಅಮೆರಿಕದ ಆರೆಗಾನ್ ರಾಜ್ಯದ ಹೊಳೆಗಳಲ್ಲಿ ಬಿದ್ದ ಮರಗಳನ್ನು ಮೀನಿಗೆ ಅಡ್ಡಿಯೆಂದು ಹಿಂದೆ ಎತ್ತಿಹಾಕುತ್ತಿದ್ದರು. ಅದು ದೊಡ್ಡ ತಪ್ಪಾಯಿತು. ತಡೆಯಿಲ್ಲದ ಸೆಳವಿಗೆ ಜಲ್ಲಿ ಕೊಚ್ಚಿಹೋಗಿ ಎಷ್ಟೋ ಕಡೆ ಬರೀ ಬಂಡೆ ಉಳಿಯಿತು.

ಹೆಣ್ಣು ಕೋಹೊ ಸಾಲ್ಮನ್ ಬಾಲ ಬಡಿದು ಜಲ್ಲಿಯಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತದೆ. ಮರಿಗಳು ಸಮುದ್ರ ಸೇರುವ ಮುನ್ನ ಸುಮಾರು ಒಂದು ವರ್ಷ ತಣ್ಣನೆಯ ಮಡುಗಳಲ್ಲೇ ಬೆಳೆಯಬೇಕು. ಜಲ್ಲಿಯೂ ಮಡುವೂ ಇಲ್ಲದಿದ್ದರೆ ಅವು ಬದುಕುವುದೆಲ್ಲಿ?

ಇದೇ ರಾಜ್ಯದ ಸಯುಸ್ಲಾ ನದಿ ಕಣಿವೆಯ ಸರ್ಕಾರಿ ಕಾಡು ಅರಣ್ಯ ಸೇವೆ ಮತ್ತು ಭೂ ನಿರ್ವಹಣಾ ಬ್ಯೂರೊಗಳ ನಡುವೆ ಹಂಚಿಹೋಗಿದೆ. ಮೇಲಿನವರು ಹೊಳೆ ಸರಿಪಡಿಸಿ ಕೆಳಗಿನವರು ಸುಮ್ಮನಿದ್ದರೆ ಶ್ರಮವೆಲ್ಲ ವ್ಯರ್ಥ. ಹಾಗಾಗಿ ಈ ಎರಡೂ ಸಂಸ್ಥೆಗಳು ಖಾಸಗಿ ಜಮೀನುದಾರರನ್ನೂ ಜೊತೆಗೂಡಿಸಿಕೊಂಡು, ಜಲ್ಲಿ ನಿಂತು ಮಡು ಕಟ್ಟಲೆಂದು ಹೆಲಿಕಾಪ್ಟರಿನಿಂದ ಇಡೀ ಮರಗಳನ್ನೇ ಹೊಳೆಗಿಳಿಸಿದವು.

2004ರಲ್ಲಿ ಈ ಕೆಲಸಕ್ಕೆ ಥೀಸ್ ಅಂತಾರಾಷ್ಟ್ರೀಯ ನದಿ ಪ್ರಶಸ್ತಿ ಬಂತು. ಆದರೂ ಆರೆಗಾನ್ ಕರಾವಳಿಯ ಕೋಹೊ ಇನ್ನೂ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲೇ ಇದೆ.